ಅಡುಗೆಮನೆಯ ಚಾವಣಿಯ ತೂತು

“ಅದನ್ನ ಮುಚ್ಚೋದಾದ್ರೆ ಅದೇ ಸಿಮೆಂಟಲ್ಲಿ ನನ್ನ ಬಾಯೂ ಮುಚ್ಚಿಬಿಡು! ಎರಡೂ ಕೆಲ್ಸ ಒಟ್ಟಿಗೆ ಮುಗಿಯುತ್ತೆ!”

“ಮೊದಲು ಮುಚ್ಚಬೇಕಾಗಿದ್ದದ್ದೇ ಅದು! ಬುದ್ಧಿ ಇಲ್ಲದೆ ಇಷ್ಟು ವರ್ಷ ತಡ ಮಾಡ್ದೆ!”

“ಹಾಗಾದ್ರೆ ಬಾ! ಕಲಸ್ಕೊಂಡು ಬಾ! ಇಲ್ಲೇ ಕೂತಿದ್ದೀನಿ, ಎಲ್ಲಿಗೂ ಓಡಿಹೋಗಲ್ಲ. ಓಡೋಕೆ ಕಾಲೆಲ್ಲಿದೆ ನನಗೆ?”

ಮೇಸ್ತ್ರಿ ಅಡುಗೆಮನೆಯ ಮೂಲೆಯಲ್ಲಿ ಸ್ಟೂಲು ಹತ್ತಿ ನಿಂತಿದ್ದ. ಕೈಯಲ್ಲಿ ಅಳತೆಪಟ್ಟಿ. ಅವನ ತಲೆಯ ಮೇಲೆ, ಚಾವಣಿಯಲ್ಲಿ, ಒಂದು ಪಾತ್ರೆಯ ಮುಚ್ಚಳದಷ್ಟು ಅಗಲದ ದುಂಡನೆಯ ತೂತು. ಹೆಂಡತಿ ಕೆಳಗೆ ಚಾಪೆಯ ಮೇಲೆ ಕೂತು, ಮಡಿಲಲ್ಲಿದ್ದ ಅಂಗಿಗೆ ಗುಂಡಿ ಹೊಲಿಯುವುದನ್ನು ನಿಲ್ಲಿಸಿ, ಸೂಜಿಯನ್ನು ಅವನ ಕಡೆಗೆ ಚಾಚಿ ಮಾತಾಡುತ್ತಿದ್ದಳು. ಸೂಜಿ ಇನ್ನೊಂದು ಗೇಣು ಉದ್ದವಿದ್ದಿದ್ದರೆ ಅವನ ಮೊಣಕಾಲಿಗೆ ಚುಚ್ಚಿಯೇಬಿಡುತ್ತಿತ್ತು.

ತೂತಿನೊಳಗಿಂದ ಒಂದು ದನಿ ಇಳಿಯಿತು.

“ಇಬ್ರೂ ಸ್ವಲ್ಪ ಮೆಲ್ಲಗೆ ಜಗಳ ಆಡ್ರಪ್ಪಾ. ನಿಮ್ಮ ಅಬ್ಬರಕ್ಕೆ ನನ್ನ ಒಲೆ ಮೇಲಿನ ಹಾಲು ಹೆದರಿ ಉಕ್ಕಿಬಿಡ್ತು.”

“ನೋಡಕ್ಕಾ ಇವನನ್ನ! ನಮ್ಮಿಬ್ಬರ ಮಧ್ಯೆ ಕಲ್ಲು ಹಾಕ್ತಾನಂತೆ!”

ಮೇಲಿನಿಂದ ಉತ್ತರ ಬರಲಿಲ್ಲ. ಹಾಲು ಒರೆಸುತ್ತಿರಬೇಕು ಅಂದುಕೊಂಡ ಮೇಸ್ತ್ರಿ.

ಈ ತೂತು ಕೊರೆದವನೂ ಇವನೇ. ಕೆಲಸವೇ ಅದು. ಕಟ್ಟಿ ಮುಗಿದ ಕಟ್ಟಡಗಳಲ್ಲಿ ನೀರಿನ ಕೊಳವೆಗೋ ಹೊಗೆಯ ಕೊಳವೆಗೋ ಜಾಗ ಬಿಡಲು ಮರೆತಿರುತ್ತಾರಲ್ಲ, ಓದಿದವರು ಹೀಗೆ ಮರೆಯುವುದರಿಂದಲೇ ಇವನಿಗೆ ಅನ್ನ. ವಜ್ರದ ಹಲ್ಲಿನ, ಕೊಳವೆಯಂಥ ಬಿಟ್ ಹಾಕಿದ ಮೆಷಿನ್ನನ್ನು ಗೋಡೆಗೆ ಕಚ್ಚಿಸಿ, ನೀರು ಬಿಡುತ್ತಾ ಒತ್ತಿದರೆ ಕಾಂಕ್ರೀಟಿನ ದಿಂಡು ಹಣ್ಣಿನ ತಿರುಳಿನ ಹಾಗೆ ಹೊರಗೆ ಬರಬೇಕು. ಊರೆಲ್ಲ ಅವನನ್ನು ತೂತುಮೇಸ್ತ್ರಿ ಅನ್ನುತ್ತಿತ್ತು. ಮೊದಮೊದಲು ಆ ಹೆಸರಿಗೆ ಸಿಟ್ಟಾಗುತ್ತಿದ್ದ. ಆಮೇಲೆ ಯಾರಾದರೂ ಬರೀ ಮೇಸ್ತ್ರಿ ಅಂದರೆ ಬೇರೆ ಯಾರನ್ನೋ ಕರೆದರೆಂದು ತಿರುಗಿಯೂ ನೋಡುತ್ತಿರಲಿಲ್ಲ.

ಇಲ್ಲಿಗೆ ಬರುವ ಮೊದಲು ಅವರಿದ್ದದ್ದು ತಗಡಿನ ಸಾಲುಮನೆಯಲ್ಲಿ. ಇವರ ಮನೆಗೂ ಹೆಂಡತಿಯ ಅಕ್ಕನ ಮನೆಗೂ ನಡುವೆ ಒಂದೇ ತಗಡು. ಆ ತಗಡಿನ ಕೆಳಮೂಲೆ ತುಕ್ಕು ಹಿಡಿದು ಕಿತ್ತುಹೋಗಿತ್ತು. ಅದರೊಳಗಿಂದ ಬೆಂಕಿಪೊಟ್ಟಣ, ಉಪ್ಪು, ಮಾತ್ರೆ, ಬೈಗುಳ, ನಗು ಎಲ್ಲಾ ಆಚೀಚೆ ಓಡಾಡುತ್ತಿದ್ದವು. ಅಕ್ಕನ ಗಂಡ ಸತ್ತ ದಿನ ತಂಗಿ ಆ ಸಂದಿಯಲ್ಲಿ ಕೈ ತೂರಿಸಿ ಬೆಳಗಾಗುವವರೆಗೆ ಅವಳ ಕೈ ಹಿಡಿದುಕೊಂಡೇ ಮಲಗಿದ್ದಳು. ಆಮೇಲೆ ಒಂದು ಮಳೆಗಾಲದಲ್ಲಿ ಇವಳು ಕೆಸರಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ಸರಿಯಾಗಿ ಕೂಡಲಿಲ್ಲ. ಸಮತಟ್ಟು ನೆಲದಲ್ಲಿ ಹೇಗೋ ಓಡಾಡುತ್ತಾಳೆ, ಮೆಟ್ಟಿಲು ಕಂಡರೆ ಅಳು ಬರುತ್ತದೆ.

ಅಂಥವಳಿಗೆ ಸಿಕ್ಕಿದ್ದು ಮೂರನೇ ಮಹಡಿ. ಸಾಲುಮನೆಗಳನ್ನು ಕೆಡವಿ, ಅಲ್ಲಿದ್ದವರಿಗೆಲ್ಲ ಸರ್ಕಾರ ಈ ಎತ್ತರದ ಕಟ್ಟಡ ಕಟ್ಟಿಸಿ ಕೊಟ್ಟಿತು. ಚೀಟಿ ಎತ್ತಿ ಮನೆ ಹಂಚಿದರು. ಲಿಫ್ಟ್ ಇದೆ. ಅದಕ್ಕೊಬ್ಬ ಕಾವಲುಗಾರನೂ ಇದ್ದಾನೆ, ಕೂರಲು ಕುರ್ಚಿಯೂ ಇದೆ. ಲಿಫ್ಟ್ ಓಡುವುದೊಂದು ಇಲ್ಲ. ಕೇಳಿದರೆ ಅವನು “ಓಡೋ ಲಿಫ್ಟಿಗೆ ಕಾವಲು ಯಾಕೆ ಬೇಕು?” ಅನ್ನುತ್ತಿದ್ದ. ಹೇಳುವುದು ನಿಜವೇ.

ಮೇಸ್ತ್ರಿ ಆಗ ಕಂಡಕಂಡವರ ಕಾಲು ಹಿಡಿದಿದ್ದ. ನೆಲಮಹಡಿ ಸಿಕ್ಕಿದವರನ್ನು ಕೇಳಿದ, ಯಾರೂ ಒಪ್ಪಲಿಲ್ಲ. ಅಕ್ಕನಿಗೆ ದೂರದ ಬೇರೆ ಕಟ್ಟಡದಲ್ಲಿ ಮನೆ ಬಿದ್ದಿತ್ತು. ಹೆಂಡತಿ, “ನನಗೆ ನೆಲ ಬೇಡ, ಅಕ್ಕನ್ನ ಪಕ್ಕಕ್ಕೆ ಹಾಕಿಸು, ಸಾಕು” ಅಂದಳು. ಪಕ್ಕದ ಮನೆಯವರು ಬಿಟ್ಟುಕೊಡಲಿಲ್ಲ. ಕೊನೆಗೆ ಇವರ ನೆತ್ತಿಯ ಮೇಲಿನ ಮನೆಯ ಟೈಲರ್ ಒಪ್ಪಿ ಅದಲುಬದಲು ಮಾಡಿಕೊಂಡ. ಮೇಸ್ತ್ರಿ ಕುಣಿದಾಡುತ್ತಾ ಬಂದು ಹೇಳಿದರೆ ಹೆಂಡತಿ ಚಾವಣಿ ನೋಡಿ, “ಮೇಲಿದ್ರೆ ಏನು ಬಂತು? ಸತ್ತವರೂ ಮೇಲೇ ಇರ್ತಾರೆ” ಅಂದಳು.

ಆ ಮಾತು ತಡೆಯಲಾರದೆ ಅವನು ಒಂದು ಭಾನುವಾರ ಮೆಷಿನ್ ಹೊತ್ತು ತಂದ. ಇವರ ಅಡುಗೆಮನೆಯ ಮೇಲೇ ಅಕ್ಕನ ಅಡುಗೆಮನೆ. ತೊಲೆ ಇಲ್ಲದ ಜಾಗ ನೋಡಿ, ಮೇಲಿಂದ ಕೊರೆದ. ಒಂದು ಕಂಬಿ ಅಡ್ಡ ಸಿಕ್ಕಿತು, ಅದನ್ನೂ ಕಡಿದ. ದಿಂಡು ಕಳಚಿ ಬೂದಿ ಬಣ್ಣದ ಕೆಸರು ನೀರು ಕೆಳಗೆ ಸುರಿದಾಗ, ಹೆಂಡತಿ ಮುಖವೆಲ್ಲ ಸಿಮೆಂಟು ಮಾಡಿಕೊಂಡು ಮೇಲೆ ನೋಡಿ “ಅಕ್ಕಾ!” ಅಂತ ಕೂಗಿದಳಲ್ಲ, ಮದುವೆಯಾದಂದಿನಿಂದ ಅಷ್ಟು ಖುಷಿಯ ದನಿಯನ್ನು ಅವನು ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಇಡೀ ಕಟ್ಟಡದಲ್ಲಿ ಮನೆಯ ಬಗ್ಗೆ ದೂರು ಹೇಳದವಳು ಅಂದರೆ ಇವಳೊಬ್ಬಳೇ. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ ಅಂತ ಅಕ್ಕಪಕ್ಕದವರು ಗೋಳಾಡಿದರೆ, “ಬರುತ್ತಲ್ಲಾ, ಇನ್ನೇನು” ಅನ್ನುತ್ತಿದ್ದಳು. ಬೆಳಗ್ಗೆ ಉದ್ದ ಕೋಲಿಗೆ ಕಟ್ಟಿದ ಸೌಟಿನಿಂದ ಚಾವಣಿ ಕುಟ್ಟುತ್ತಿದ್ದಳು, ಅಕ್ಕ ತೂತಿನ ಮೇಲಿನ ತಟ್ಟೆ ಸರಿಸುತ್ತಿದ್ದಳು. ದಾರಕ್ಕೆ ಕಟ್ಟಿದ ಡಬ್ಬಿ ಇಳಿಯುತ್ತಿತ್ತು, ಏರುತ್ತಿತ್ತು. ಬರಬರುತ್ತಾ ಇವಳು “ತಟ್ಟೆ ಯಾಕಕ್ಕಾ ಸುಮ್ನೆ, ತೆಗೆದೇ ಇಡು” ಅಂದಳು. ತಟ್ಟೆ ಹೋಯಿತು.

ಹೀಗಿರುವಾಗ ಪಕ್ಕದ ಕಟ್ಟಡದಲ್ಲಿ ಯಾವನೋ ಪುಣ್ಯಾತ್ಮ ಕಪಾಟು ಕೂರಿಸಲೆಂದು ಕಂಬವನ್ನೇ ಕೆತ್ತಿದ. ಮೂರು ಮನೆಗಳ ಗೋಡೆ ಬಿರುಕು ಬಿಟ್ಟಿತು. ವಸತಿ ಕಚೇರಿಯವರು ಮೈಕು ಕಟ್ಟಿದ ಗಾಡಿಯಲ್ಲಿ ಸಾರಿಕೊಂಡು ಹೋದರು. ಪ್ರತಿ ಮನೆಯನ್ನೂ ತಪಾಸಣೆ ಮಾಡುತ್ತಾರೆ. ಗೋಡೆ, ಚಾವಣಿ, ಕಂಬ ಮುಟ್ಟಿದವರ ಮನೆ ವಾಪಸು.

ಅದಕ್ಕೇ ಈ ಜಗಳ.

“ಮನೆ ಹೋದ್ರೆ ಬೀದೀಲಿ ಕೂತು ಅಕ್ಕತಂಗೀರು ಹರಟೆ ಹೊಡೀತೀರಾ?” ಮೇಸ್ತ್ರಿ ಸ್ಟೂಲಿನಿಂದ ಇಳಿದ. “ನಿನ್ನದೊಂದೇ ಅಲ್ಲ, ಅವಳ ಮನೆಯೂ ಹೋಗುತ್ತೆ. ಆ ವಯಸ್ಸಲ್ಲಿ ಎಲ್ಲಿಗೆ ಹೋಗ್ಬೇಕು ಆ ಹೆಂಗಸು? ಹೇಳು!”

ಹೆಂಡತಿ ಸುಮ್ಮನಾದಳು. ಅವಳನ್ನು ಸುಮ್ಮನಾಗಿಸುವ ಮಾತು ಲೋಕದಲ್ಲಿ ಅದೊಂದೇ ಇತ್ತು. ಸೂಜಿಯನ್ನು ಅಂಗಿಗೆ ಚುಚ್ಚಿಟ್ಟಳು.

“ಅವರು ಬಂದು ಹೋದ ಮೇಲೆ?”

“ಬಂದು ಹೋದ ಮೇಲೆ ಮತ್ತೆ ಕೊರೀತೀನಿ.”

“ಅಕ್ಕನ ಮೇಲಾಣೆ?”

“ಆಣೆಗೀಣೆ ಬೇಡ. ಮೆಷಿನ್ ನಂದು, ಕೈ ನಂದು. ಕೊರೀತೀನಿ ಅಂದೆ, ಕೊರೀತೀನಿ.”

ಆವತ್ತು ಮಧ್ಯಾಹ್ನವೇ ಅವನು ಕೆಳಗಿನಿಂದ ತೂತಿಗೆ ಹಲಗೆ ಒತ್ತಿ, ಮರದ ಗೂಟ ಕೊಟ್ಟು ನಿಲ್ಲಿಸಿದ. ಹೆಂಡತಿ ಹಲಗೆ ಮುಚ್ಚುವ ಕೊನೆಯ ಗಳಿಗೆಯವರೆಗೂ ಮೇಲೆ ನೋಡುತ್ತಾ, “ಅಕ್ಕಾ, ಮೊಣಕಾಲಿಗೆ ಎಣ್ಣೆ ಹಚ್ಕೋ. ಕಿಟಕಿ ಹಾಕ್ಕೊಂಡು ಮಲಗು. ಏನಿದ್ರೂ ಕುಟ್ಟು, ನಾನೂ ಕುಟ್ತೀನಿ” ಅನ್ನುತ್ತಲೇ ಇದ್ದಳು. ಊರು ಬಿಟ್ಟು ಹೋಗುವವರಿಗೆ ಹೇಳುವ ಹಾಗೆ.

ಮೇಸ್ತ್ರಿ ಬಾಣಲಿ ತುಂಬ ಕಾಂಕ್ರೀಟು ಹೊತ್ತು ಮೇಲಿನ ಮನೆಗೆ ಹೋದ. ಅಕ್ಕ ಬಾಗಿಲು ತೆರೆದಳು. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಇಡೀ ದಿನ ದೊಡ್ಡ ದೊಡ್ಡ ಒಗೆಯುವ ಮೆಷಿನ್ನುಗಳ ನಡುವೆ ನಿಂತು ನಿಂತು, ಪಕ್ಕದಲ್ಲಿರುವವರ ಜೊತೆಗೂ ಕೂಗಿ ಮಾತಾಡುವುದು ಅಭ್ಯಾಸವಾಗಿತ್ತು. ಇವತ್ತು ಮಾತ್ರ ಬಾಯಿಯೇ ಬಿಡಲಿಲ್ಲ. ತೂತಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅವನು ಕಡಿದ ಕಂಬಿಗೆ ಹೊಸ ತುಂಡು ಕಟ್ಟುವುದನ್ನು, ಕಾಂಕ್ರೀಟು ಸುರಿಯುವುದನ್ನು, ಕರಣೆಯಿಂದ ಕುಟ್ಟಿ ಕುಟ್ಟಿ ತುಂಬುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಮೇಲ್ಮೈ ಸಮ ಆದಮೇಲೆ ಕೇಳಿದಳು:

“ಇನ್ನು ಕೇಳಿಸಲ್ವಾ?”

“ಯಾರಿಗೆ?”

“ಅವಳಿಗೆ.”

“ಕೇಳಿಸಲ್ಲ.”

“ನಿಜವಾಗ್ಲೂ?”

“ಕಾಂಕ್ರೀಟಕ್ಕಾ ಇದು. ಬಟ್ಟೆ ಅಲ್ಲ.”

ಅಕ್ಕ ಗೋಡೆಗೆ ಒರಗಿ ಕಾಲು ಚಾಚಿದಳು. ಉಸಿರು ಬಿಟ್ಟಳು. ಎಷ್ಟೋ ವರ್ಷದಿಂದ ಹಿಡಿದಿಟ್ಟ ಉಸಿರು. ಆಮೇಲೆ ಮೆಲ್ಲಗೆ, ತೀರಾ ಮೆಲ್ಲಗೆ ಅಂದಳು:

“ಇದನ್ನ ಮತ್ತೆ ತೆಗೀಬೇಡ ಮೇಸ್ತ್ರಿ.”

ಅವನು ಕರಣೆ ಕೈಯಲ್ಲೇ ಹಿಡಿದು ಅವಳನ್ನು ನೋಡಿದ. ತಪ್ಪು ಕೇಳಿಸಿಕೊಂಡೆನೇನೋ ಅನ್ನಿಸಿತು.

“ಅಪ್ಪನ ಮನೇಲಿ ಒಂದು ಕೋಣೇಲಿ ಏಳು ಜನ” ಅಂದಳು ಅಕ್ಕ. “ಮದುವೆಯಾಗಿ ಹೋದ ಕಡೆ ಒಂಬತ್ತು. ಆಮೇಲೆ ಆ ತಗಡು. ಕೆಲಸಕ್ಕೆ ಹೋದ್ರೆ ಮೆಷಿನ್ನು. ಹುಟ್ಟಿದಾಗಿನಿಂದ ನನಗೆ ಅಂತ ಒಂದು ಬಾಗಿಲು ಇರಲಿಲ್ಲ ಕಣಪ್ಪ. ಇಲ್ಲಿ ಬಂದ ದಿನ ಒಳಗಿಂದ ಚಿಲಕ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಹುಚ್ಚಿ ಥರ. ಒಂದು ವಾರ ಅಷ್ಟೇ. ಅಷ್ಟರಲ್ಲಿ ನೀನು ಮೆಷಿನ್ ಹೊತ್ಕೊಂಡು ಬಂದೆ.”

“ಆವಾಗಲೇ ಬೇಡ ಅನ್ನಬಾರದಿತ್ತಾ?”

“ಅವಳು ಕೆಳಗೆ ಮುಖ ಎತ್ತಿ ನಿಂತಿದ್ಳಲ್ಲೋ. ಹೆಂಗೆ ಅನ್ನಲಿ?” ಅವಳು ಅಂಗೈಯಿಂದ ಮೂಗು ಒರೆಸಿಕೊಂಡಳು. “ನಾನು ಮಗ್ಗುಲು ಬದಲಿಸಿದ್ರೆ ‘ನಿದ್ದೆ ಬರ್ಲಿಲ್ವಾ ಅಕ್ಕಾ?’ ಅಂತಾಳೆ. ಕೆಮ್ಮಿದ್ರೆ ‘ಔಷಧಿ ಕುಡಿದ್ಯಾ?’ ಅಂತಾಳೆ. ಸುಮ್ನೆ ಕೂತ್ಕೊಂಡ್ರೆ ‘ಯಾಕೆ ಸದ್ದಿಲ್ಲ?’ ಅಂತಾಳೆ. ಅವಳ ಪ್ರೀತಿ ನನಗೆ ಗೊತ್ತಿಲ್ವಾ? ಗೊತ್ತು. ಆದ್ರೂ ಒಂದು ಸಲ ಬಾಯಿ ಬಿಟ್ಟು ಅಳೋಣ ಅಂದ್ರೂ ಆಗಲಿಲ್ಲ ಈ ಮನೇಲಿ. ನಾನೇ ವಾರಕ್ಕೊಂದು ಸಲ ಇಳಿದು ಬರ್ತೀನಿ. ಜೊತೇಲಿ ಊಟ ಮಾಡ್ತೀನಿ. ನೀನು ಏನಾದ್ರೂ ನೆಪ ಹೇಳು. ನಾನು ಅಂದೆ ಅಂತ ಮಾತ್ರ ಹೇಳ್ಬೇಡ. ಅವಳು ತಡ್ಕೊಳ್ಳಲ್ಲ.”

ಮೇಸ್ತ್ರಿ ಖಾಲಿ ಬಾಣಲಿ ಹಿಡಿದು ಮೆಟ್ಟಿಲಿಳಿದ. ಬರುವಾಗ ಇದ್ದದ್ದಕ್ಕಿಂತ ಹೋಗುವಾಗ ಭಾರ ಜಾಸ್ತಿಯಾಗಿತ್ತು.

ತಪಾಸಣೆಗೆ ಬಂದವರು ಇಬ್ಬರು. ಒಬ್ಬ ಸಣ್ಣ ಸುತ್ತಿಗೆಯಿಂದ ಗೋಡೆ ಬಡಿಯುತ್ತಾ ಹೋದ. ಜೊತೆಗಿದ್ದ ಹುಡುಗಿ ಕೈಯಲ್ಲಿ ಫೋನು ಹಿಡಿದು ಪ್ರಶ್ನೆ ಕೇಳಿದಳು. ಅಡುಗೆಮನೆಯ ಚಾವಣಿಗೆ ಮೇಸ್ತ್ರಿ ಸುಣ್ಣ ಬಳಿದು, ಅದರ ಮೇಲೆ ಒಲೆಯ ಮಸಿಯನ್ನು ಬಟ್ಟೆಯಲ್ಲಿ ತೀಡಿ ಹಳೆಯದರ ಹಾಗೆ ಮಾಡಿದ್ದ. ಸುತ್ತಿಗೆಯವನು ತಲೆ ಎತ್ತಿಯೂ ನೋಡಲಿಲ್ಲ.

“ಅಮ್ಮಾ, ಈ ಮನೆಯಲ್ಲಿ ನಿಮಗೆ ತೃಪ್ತಿ ಇದೆಯಾ?” ಹುಡುಗಿ ಕೇಳಿದಳು. “ಪೂರ್ತಿ ತೃಪ್ತಿ, ಸಾಧಾರಣ, ಇಲ್ಲ. ಒಂದು ಹೇಳಿ.”

“ನೀರು ಬರುತ್ತೆ. ಗಾಳಿ ಬರುತ್ತೆ” ಅಂದಳು ಹೆಂಡತಿ. ಗಂಡನ ಮುಖ ನೋಡಿದಳು. “ಮಾತು ಮಾತ್ರ ಸದ್ಯಕ್ಕೆ ನಿಂತಿದೆ. ನೀವು ಹೋದ ಮೇಲೆ ಬರುತ್ತಂತೆ.”

ಹುಡುಗಿ ನಕ್ಕಳು. ಗಂಡಹೆಂಡಿರ ಮುನಿಸು ಅಂದುಕೊಂಡಳೋ ಏನೋ. “ಪೂರ್ತಿ ತೃಪ್ತಿ ಅಂತ ಹಾಕ್ತೀನಿ” ಅಂದು ಫೋನು ಒತ್ತಿ ಹೋದಳು.

ಅವರ ಹೆಜ್ಜೆ ಸದ್ದು ಇನ್ನೂ ಮೆಟ್ಟಿಲ ಮೇಲಿತ್ತು. ಹೆಂಡತಿ ಅಂದಳು, “ಹೂಂ. ಮೆಷಿನ್ ತಗೊಂಡು ಬಾ.”

ಅವತ್ತಿನಿಂದ ಮೇಸ್ತ್ರಿಯ ಬಾಳು ಸುಳ್ಳಿನ ಮೇಲೆ ನಡೆಯಿತು. ಮೊದಲು, ಮತ್ತೆ ತಪಾಸಣೆ ಬರಬಹುದು, ಸ್ವಲ್ಪ ತಡಿ ಅಂದ. ಆಮೇಲೆ ಬಿಟ್‌ನ ಹಲ್ಲು ಸವೆದಿದೆ ಅಂದ. ಆಮೇಲೆ ಮೆಷಿನ್ನನ್ನು ಗುತ್ತಿಗೆದಾರ ಬೇರೆ ಊರಿಗೆ ಒಯ್ದಿದ್ದಾನೆ ಅಂದ. ಅವನು ಬಾಯಿಬಡುಕ, ಮುಂಗೋಪಿ, ಆದರೆ ಸುಳ್ಳು ಹೇಳಿ ಪಳಗಿದವನಲ್ಲ. ಪ್ರತಿ ಸುಳ್ಳಿಗೂ ಒಂದು ಸಲ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಹೆಂಡತಿ ಅವನ ಗಂಟಲನ್ನೇ ನೋಡುತ್ತಿದ್ದಳು.

ಅಕ್ಕ ಮೊದಲ ವಾರ ಇಳಿದು ಬಂದಳು. ಊಟ ಮಾಡಿದಳು. ಲಾಂಡ್ರಿಯಲ್ಲಿ ಯಾರೋ ದೊಡ್ಡ ಡಾಕ್ಟರರ ಕೋಟಿನ ಜೇಬಲ್ಲಿ ಬೇಯಿಸಿದ ಮೊಟ್ಟೆ ಸಿಕ್ಕಿದ ಕತೆ ಹೇಳಿ ನಗಿಸಿದಳು. ಎರಡನೇ ವಾರ ಬಾಗಿಲಲ್ಲೇ ನಿಂತು ಮಾತಾಡಿ ಹೋದಳು. ಮೂರನೇ ವಾರ ಕಾಲುನೋವು ಅಂತ ಬರಲಿಲ್ಲ. ಹೆಂಡತಿ ಸೌಟಿನಿಂದ ಕುಟ್ಟುತ್ತಿದ್ದಳು. ಮೇಲಿಂದ ಮೊದಮೊದಲು ಎರಡು ಸಲ ಕುಟ್ಟಿದ ಸದ್ದು ಬರುತ್ತಿತ್ತು. ಆಮೇಲೆ ಒಂದು. ಆಮೇಲೆ ಕುಟ್ಟಿ ಕುಟ್ಟಿ ಸುಣ್ಣ ಉದುರಿ ಇವಳ ಕೂದಲ ಮೇಲೆ ಬೀಳುವುದಷ್ಟೇ ಉಳಿಯಿತು. ಇವಳು ಅದನ್ನು ಕೊಡವಿಕೊಳ್ಳುತ್ತಲೂ ಇರಲಿಲ್ಲ.

“ಜಾಸ್ತಿ ದಪ್ಪ ತುಂಬಿದ್ದೀಯ ನೀನು. ಅವಳಿಗೆ ಕೇಳಿಸ್ತಾ ಇಲ್ಲ.”

“ಇರಬಹುದು” ಅನ್ನುತ್ತಿದ್ದ, ಗಂಟಲು ಸರಿಮಾಡಿಕೊಂಡು.

ಒಂದು ಸಂಜೆ ಅವನು ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಾಗ ಕೆಳಗಿನಿಂದ ಲಿಫ್ಟ್ ಕಾವಲುಗಾರ ಮೆಟ್ಟಿಲ ಸಂದಿಯೊಳಗೆ ತಲೆ ತೂರಿಸಿ ಕೂಗಿದ. ಅವನ ದನಿಯೋ ಐದು ಮಹಡಿ ದಾಟುವಂಥದ್ದು.

“ತೂತುಮೇಸ್ತ್ರೀ! ನಿನ್ನ ಮೆಷಿನ್ನು ತಿಂಗಳಿಂದ ದಿನಾ ರಾತ್ರಿ ನನ್ನ ಲಿಫ್ಟಲ್ಲೇ ಬಿದ್ದಿರುತ್ತಲ್ಲಯ್ಯಾ! ನಾಳೆ ರಿಪೇರಿಯವರು ಬರ್ತಾರಂತೆ, ತೆಗಿ ಅದನ್ನ! ಲಿಫ್ಟೇನು ನಿನ್ನ ಮಾವನ ಮನೆ ಗೋದಾಮಾ?”

ಬಚ್ಚಲಿನಿಂದ ಹೊರಗೆ ಬರುವಷ್ಟರಲ್ಲಿ ಹೆಂಡತಿ ಗೋಡೆ ಹಿಡಿದು ಎದ್ದು ನಿಂತಿದ್ದಳು.

“ಬೇರೆ ಊರಿಗೆ ಹೋಗಿತ್ತಲ್ವಾ ಮೆಷಿನ್ನು?”

ಅವನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದ.

“ಮಾತಾಡು! ಇಷ್ಟು ದಿನ ನನ್ನನ್ನ ಕೋತಿ ಕುಣಿಸಿದ ಹಾಗೆ ಕುಣಿಸಿದ್ಯಲ್ಲ, ಈಗ ಮಾತಾಡು!”

“ಕೂತ್ಕೋ. ಬೀಳ್ತೀಯ.”

“ಬೀಳ್ತೀನಿ! ಬಿದ್ದು ಸಾಯ್ತೀನಿ! ನಿನಗೆ ಯಾವತ್ತೂ ಹೊಟ್ಟೆಕಿಚ್ಚು. ನಾವಿಬ್ರೂ ನಕ್ಕರೆ ನಿನಗೆ ತಡೀತಿರಲಿಲ್ಲ. ಮೈಕಿನವರು ಬಂದದ್ದು ನಿನಗೆ ಒಳ್ಳೇ ನೆಪ ಆಯ್ತು.”

“ನಾನು ಕೊರೆದದ್ದು ಕಣೇ ಅದನ್ನ! ನಿನಗೋಸ್ಕರ!”

“ಕೊರೆದೋನೇ ಹೂತುಹಾಕ್ದೆ! ಮೇಲೆ ಅವಳು ಒಬ್ಳೇ ಕೂತು ಅಳ್ತಿರ್ತಾಳೆ. ನಾನು ಕುಟ್ಟಿದ್ದು ಅವಳಿಗೆ ಕೇಳಿಸಲ್ಲ, ಅವಳ ಅಳು ನನಗೆ ಕೇಳಿಸಲ್ಲ. ಗಂಡ ಸತ್ತೋಳು, ಮಕ್ಕಳಿಲ್ಲದೋಳು, ನನ್ನ ಬಿಟ್ರೆ ಯಾರಿದ್ದಾರೆ ಅವಳಿಗೆ? ಅವಳ ಕಣ್ಣೀರು ನಿನ್ನನ್ನ ಸುಮ್ನೆ ಬಿಡಲ್ಲ ನೋಡ್ತಿರು. ಹುಳ ಬಿದ್ದು ಸಾಯ್ತೀಯ!”

ಇಷ್ಟು ದಿನ ಅವನು ನುಂಗಿಕೊಂಡು ಬಂದಿದ್ದ. ನುಂಗಿ ಅಭ್ಯಾಸವಿಲ್ಲದವನು. ನೆತ್ತಿಗೆ ಏರಿತು. ಟವೆಲನ್ನು ನೆಲಕ್ಕೆ ಬಡಿದ.

“ಅವಳೇ ಕಣೇ ಬೇಡ ಅಂದದ್ದು! ನಿನ್ನಕ್ಕ! ಮತ್ತೆ ತೆಗೀಬೇಡ ಅಂತ ಕೈಮುಗಿದು ಕೇಳಿದ್ಳು! ನಿನ್ನ ಕಾಟ ತಪ್ಪಿತು ಅಂದ್ಳು! ಸಾಕಾ? ತಣ್ಣಗಾಯ್ತಾ?”

ಕೈಮುಗಿದಿರಲಿಲ್ಲ ಅವಳು. ಕಾಟ ಅನ್ನುವ ಮಾತನ್ನಂತೂ ಆಡಿಯೇ ಇರಲಿಲ್ಲ. ಸಿಟ್ಟಿನ ಬಾಯಿ ತಾನೇ ಸೇರಿಸಿತು. ಸೇರಿಸಿದ ಮೇಲೆ ಅವನಿಗೆ ಗೊತ್ತಾಯಿತು. ಗೊತ್ತಾಗಿ ಏನು ಪ್ರಯೋಜನ?

ಹೆಂಡತಿ ಚಪ್ಪಲಿ ಮೆಟ್ಟಿದಳು. ಬಾಗಿಲು ದಾಟಿ, ಕಂಬಿ ಹಿಡಿದು ಮೇಲಿನ ಮೆಟ್ಟಿಲಿಗೆ ಕಾಲಿಟ್ಟಳು.

“ಎಲ್ಲಿಗೆ? ನಿಲ್ಲು, ನಾನು ಹಿಡ್ಕೊಳ್ತೀನಿ...”

“ಮುಟ್ಟಬೇಡ.”

ಅವನು ನಾಲ್ಕು ಮೆಟ್ಟಿಲು ಕೆಳಗೆ ನಿಂತು, ಅವಳು ಒಂದೊಂದೇ ಮೆಟ್ಟಿಲನ್ನು ಮೊದಲು ಒಳ್ಳೆಯ ಕಾಲು, ಆಮೇಲೆ ಕೆಟ್ಟ ಕಾಲು ಅಂತ ಹತ್ತುವುದನ್ನು ನೋಡಿದ. ತಿರುವಿನಲ್ಲಿ ನಿಂತು ಏದುಸಿರು ಬಿಟ್ಟಳು. ಮತ್ತೆ ಹತ್ತಿದಳು. ಬಾಗಿಲು ಬಡಿದಳು. ಒಳಗೆ ಚಿಲಕ ತೆಗೆದ ಸದ್ದು.

“ಅಯ್ಯೋ, ನೀನಾ! ಹೇಗೆ ಬಂದ್ಯೇ? ಬಾ, ಒಳಗೆ ಬಾ, ಕೂತ್ಕೋ...”

“ಕೂರೋಕೆ ಬಂದಿಲ್ಲ. ನನ್ನ ಕಾಟ ತಪ್ಪಿತು ಅಂದ್ಯಾ?”

ಮೇಸ್ತ್ರಿ ಕೆಳಗೆ ಕಂಬಿ ಹಿಡಿದುಕೊಂಡ. ಇಲ್ಲ ಅನ್ನು, ಮಹಾತಾಯಿ, ಸುಳ್ಳಾದರೂ ಹೇಳು, ನಿನ್ನ ಗಂಡ ಸುಳ್ಳುಗಾರ ಅನ್ನು ಅಂತ ಮನಸ್ಸಲ್ಲೇ ಬೇಡಿಕೊಂಡ. ಆದರೆ ಅಕ್ಕನೂ ಇವನ ಹಾಗೇ, ಸುಳ್ಳು ಹೇಳಿ ಪಳಗಿದವಳಲ್ಲ.

“ಕಾಟ ಅಂತ ಅನ್ನಲಿಲ್ಲ ಕಣೇ” ಅಂದಳು ಅಕ್ಕ.

ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು.

“ಅಷ್ಟು ವರ್ಷ?” ಅಂದಳು ತಂಗಿ. “ತಗಡಿನ ಮನೇಲೂನಾ?”

“ಹಾಗಲ್ವೇ. ನೀನು ಒಳಗೆ ಬಾ ಮೊದಲು. ಹಾಗಲ್ಲ ಅದು...”

“ಅವತ್ತು ರಾತ್ರಿಯೆಲ್ಲಾ ನಿನ್ನ ಕೈ ಹಿಡ್ಕೊಂಡಿದ್ದೆನಲ್ಲ. ಅವತ್ತೂನಾ?”

ಅಕ್ಕ ಅಳತೊಡಗಿದಳು. ಈ ಸಲ ಬಾಯಿ ಬಿಟ್ಟು, ಇಡೀ ಮೆಟ್ಟಿಲ ಸಾಲಿಗೆ ಕೇಳಿಸುವ ಹಾಗೆ ಅತ್ತಳು. ತಂಗಿ ಅವಳನ್ನು ಸಮಾಧಾನ ಮಾಡಲಿಲ್ಲ. ತಿರುಗಿ ಇಳಿಯತೊಡಗಿದಳು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಅವಳಿಗೆ. ಎರಡು ಕೈಯಲ್ಲೂ ಕಂಬಿ ಹಿಡಿದು, ಅಡ್ಡವಾಗಿ, ಏಡಿಯ ಹಾಗೆ ಇಳಿದಳು. ಮೇಸ್ತ್ರಿ ಗೋಡೆಗೆ ಸರಿದು ದಾರಿ ಬಿಟ್ಟ. ತಮ್ಮ ಮನೆಯ ಬಾಗಿಲು ಪೂರ್ತಿ ತೆರೆದು ಹಿಡಿದ.

“ತಪ್ಪಾಯ್ತು ಕಣೇ. ಅವಳು ಹಾಗಂದಿರಲಿಲ್ಲ. ನಾನೇ ಸೇರಿಸಿದ್ದು. ಒಳಗೆ ಬಾ.”

ಅವಳು ತೆರೆದ ಬಾಗಿಲನ್ನು ನೋಡಲಿಲ್ಲ. ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.

ಕೆಳಗೆ ಎಲ್ಲಿಗೆ ಹೋಗುತ್ತಾಳೆ, ತಿರುವಿನಲ್ಲಿ ಕೂತು ಸಿಟ್ಟಿಳಿದ ಮೇಲೆ ಬರುತ್ತಾಳೆ ಅಂದುಕೊಂಡ ಅವನು. ಹಿಂದೆ ಹೋದರೆ ಇನ್ನೂ ರೇಗುತ್ತಾಳೆ. ಕೈಮುಟ್ಟಿದರೆ ಬಿದ್ದರೂ ಬೀಳುತ್ತಾಳೆ. ಹಾಗಂತ ಬಾಗಿಲಲ್ಲೇ ನಿಂತ. ಕೆಟ್ಟ ಕಾಲಿನ ಚಪ್ಪಲಿ ನೆಲಕ್ಕೆ ಎಳೆಯುವ ಸದ್ದು ಎರಡನೇ ಮಹಡಿ ದಾಟಿತು, ಮೊದಲನೆಯದು ದಾಟಿತು. ಆಮೇಲೆ ಕಾವಲುಗಾರನ ದನಿ, “ಏನಮ್ಮಾ, ದೇವಲೋಕದಿಂದ ಇಳಿದು ಬಂದ್ಬಿಟ್ರಿ! ನಾಳೆಯಿಂದ ಲಿಫ್ಟ್ ಓಡುತ್ತಂತೆ, ಒಂದು ದಿನ ತಡೀಬಾರದಿತ್ತಾ?” ಅಂತ.

ಆಗ ಅವನು ಓಡಿದ. ಬರಿಗಾಲಲ್ಲಿ ಮೆಟ್ಟಿಲು ಹಾರಿ ಹಾರಿ ಇಳಿದ. ಗೇಟಿನ ಹೊರಗೆ ರಸ್ತೆ ತುಂಬ ಕೆಲಸ ಬಿಟ್ಟ ಜನ. ಬಸ್ಸೊಂದು ನಿಂತು, ತುಂಬಿಕೊಂಡು, ಹೊರಟಿತು. ಕಾವಲುಗಾರ ಒಂದು ಕಡೆಗೆ ಕೈ ತೋರಿಸಿದ. ಆ ಕಡೆ ಓಡಿದ. ಕುಂಟುವವಳು ಎಷ್ಟು ದೂರ ಹೋದಾಳು? ಈ ಕಡೆಗೂ ಓಡಿದ. ಅಂಗಡಿಯವರನ್ನು ಕೇಳಿದ. ಹೀಗೆ ಒಂದು ಕಡೆ ವಾಲಿ ನಡೆಯುವ ಹೆಂಗಸು, ಕೂದಲ ಮೇಲೆ ಸುಣ್ಣದ ಪುಡಿ ಇರುತ್ತೆ ಅಂತ ಗುರುತು ಹೇಳಿದ. ಯಾರೂ ನೋಡಿರಲಿಲ್ಲ.

ಕತ್ತಲಾದ ಮೇಲೆ ವಾಪಸು ಬಂದರೆ ಅಕ್ಕ ಅವನ ಮನೆಯ ಹೊಸ್ತಿಲ ಮೇಲೆ ಕೂತಿದ್ದಳು.

“ಬರ್ತಾಳೆ ಬಿಡು” ಅಂದಳು. “ಎಲ್ಲಿಗೆ ಹೋಗ್ತಾಳೆ? ನಮ್ಮಿಬ್ಬರನ್ನ ಬಿಟ್ರೆ ಅವಳಿಗೆ ಯಾರಿದ್ದಾರೆ?”

ಮೇಸ್ತ್ರಿ ಅವಳ ಪಕ್ಕದಲ್ಲಿ ಕೂತ. ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿಸಿದರೂ ಇಬ್ಬರೂ ಒಟ್ಟಿಗೆ ತಲೆ ಎತ್ತುತ್ತಿದ್ದರು.

ಅವಳು ಆ ದಿನ ಬರಲಿಲ್ಲ. ಮರುದಿನವೂ ಬರಲಿಲ್ಲ. ಆಮೇಲೂ ಬರಲಿಲ್ಲ.